ರೂಟರ್‌ಗೆ ಹಾಕಿದ ಮಿನಿ ಯುಪಿಎಸ್: ಒಂದು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ತೀರ್ಥಹಳ್ಳಿ ಕಡೆ, ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ. ಅಡಿಕೆ ತೋಟದ ನಡುವಿನ ಹಳೇ ಹಂಚಿನ ಮನೆ. ಬೆಂಗಳೂರಿನ ಆಫೀಸಿನ ಕೆಲಸವನ್ನು 2020ರಿಂದ ಇಲ್ಲಿಂದಲೇ ಮಾಡುತ್ತಿದ್ದೇನೆ. ಫೈಬರ್ ಬಂದು ಮೂರು ವರ್ಷವಾಯಿತು. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ, 100 ಎಂಬಿಪಿಎಸ್ ಪ್ಲಾನಿಗೆ 95ರ ಹತ್ತಿರ ಸಿಗುತ್ತದೆ. ಮಳೆ ಹಿಡಿಯಿತು ಅಂದರೆ ಮುಗಿಯಿತು, ದಿನಕ್ಕೆ ಹತ್ತು ಹದಿನೈದು ಸಲ ನೆಟ್ ಹೋಗುತ್ತದೆ. "ಮಳೆ ಬಂತಲ್ಲ, ನೆಟ್ ಇರಲ್ಲ ಬಿಡಿ" ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ನಾನೂ ಅದನ್ನೇ ನಂಬಿ ಎರಡು ಮಳೆಗಾಲ ಕಳೆದೆ.

ಈ ಜೂನ್ ಶುರುವಿನಲ್ಲಿ ಆನ್‌ಲೈನ್‌ನಲ್ಲಿ ಒಂದು ಮಿನಿ ಯುಪಿಎಸ್ ತರಿಸಿದೆ, ಅಂದರೆ ಕರೆಂಟು ಹೋದಾಗ ರೂಟರ್ ಆಫ್ ಆಗದ ಹಾಗೆ ನೋಡಿಕೊಳ್ಳುವ ಸಣ್ಣ ಬ್ಯಾಟರಿ ಡಬ್ಬಿ. 12 ವೋಲ್ಟ್, 2 ಆಂಪ್ಸ್, ಬೆಲೆ 1,350 ರೂಪಾಯಿ. ಕಂಪನಿ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಹೆಚ್ಚುಕಮ್ಮಿ ಇದೇ ಡಬ್ಬಿ ನಾಲ್ಕೈದು ಹೆಸರಲ್ಲಿ ಮಾರಾಟಕ್ಕಿದೆ. ನೀವು ಹೆಸರಿಗಿಂತ ಹಿಂದಿನ ಸ್ಟಿಕ್ಕರ್ ಓದಿ ತಗೊಳ್ಳಿ. ಏನು ಓದಬೇಕು ಅಂತ ಮುಂದೆ ಹೇಳುತ್ತೇನೆ.

ಮೊದಲು ಇದು ಯಾಕೆ ಬೇಕಾಯಿತು ಅಂತ ಹೇಳಬೇಕು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ರೂಟರ್ ಆಫ್ ಆಗಿ ಆನ್ ಆಗುತ್ತಿತ್ತು. ನಮ್ಮ ಇನ್ವರ್ಟರ್ ಹಿಂದೆ ನಾರ್ಮಲ್, ಯುಪಿಎಸ್ ಅಂತ ಒಂದು ಸ್ವಿಚ್ ಇದೆ. ನಾರ್ಮಲ್‌ನಲ್ಲಿ ಇಟ್ಟರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವುದು ಸ್ವಲ್ಪ ನಿಧಾನ. ಫ್ಯಾನು, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ, ರೂಟರ್‌ಗೆ ಗೊತ್ತಾಗುತ್ತದೆ. ಸರಿ, ಯುಪಿಎಸ್ ಕಡೆ ಹಾಕೋಣ ಅಂದರೆ ಅಲ್ಲಿ ವೋಲ್ಟೇಜು ಸುಮಾರು 180ಕ್ಕಿಂತ ಕೆಳಗಿಳಿದರೆ ಕರೆಂಟು ಇದ್ದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ನಮ್ಮ ಕಡೆ ಸಂಜೆ ಏಳಕ್ಕೆ 180 ಇರುವುದೇ ದೊಡ್ಡದು. ರಾತ್ರಿ ಒಂಬತ್ತಕ್ಕೆ ಇನ್ವರ್ಟರ್ ಬ್ಯಾಟರಿ ಖಾಲಿ, ಮನೆಯೆಲ್ಲ ಕತ್ತಲೆ. ಹಾಗಾಗಿ ಮತ್ತೆ ನಾರ್ಮಲ್‌ಗೇ ಹಾಕಿದೆವು.

ಕರೆಂಟು ಒಂದು ಸೆಕೆಂಡ್ ಮಿನುಗಿದರೆ ನೆಟ್ ಒಂದು ಸೆಕೆಂಡ್ ಹೋಗುವುದಲ್ಲ. ಫೈಬರ್ ರೂಟರ್ ಮೊದಲಿಂದ ಎದ್ದು ಬರಬೇಕು: ಪವರ್ ಲೈಟ್ ಬರುತ್ತದೆ, ಪಾನ್ ಅನ್ನೋ ಲೈಟು ಮಿಣಮಿಣ ಅನ್ನುತ್ತದೆ, ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಅದಾದ ಮೇಲೆ ಇಂಟರ್ನೆಟ್ ಲೈಟು. ಫೋನಿನಲ್ಲಿ ಸಮಯ ಇಟ್ಟು ನೋಡಿದೆ, ನಮ್ಮದಕ್ಕೆ 1 ನಿಮಿಷ 50 ಸೆಕೆಂಡ್ ಬೇಕು. ಮೀಟಿಂಗ್‌ನಲ್ಲಿ ಮಾತಾಡುತ್ತಿರುವವನಿಗೆ ಎರಡು ನಿಮಿಷ ಅಂದರೆ ಎಷ್ಟು ಅಂತ ಅನುಭವಿಸಿದವರಿಗೇ ಗೊತ್ತು.

ಮಿನಿ ಯುಪಿಎಸ್ ಜೋಡಿಸುವುದು ಬಹಳ ಸುಲಭ. ರೂಟರ್‌ನ ಅಡಾಪ್ಟರ್ ಪಿನ್ನನ್ನು ಇದರ ಇನ್‌ಪುಟ್‌ಗೆ ಹಾಕಬೇಕು, ಇದರ ಔಟ್‌ಪುಟ್ ಪಿನ್ನನ್ನು ರೂಟರ್‌ಗೆ. ಹಾಕಿದ ದಿನವೇ ಪರೀಕ್ಷೆ ಮಾಡಿದೆ. ಗೋಡೆಯ ಸ್ವಿಚ್ಚನ್ನು ಹತ್ತು ಸಲ ಆಫ್ ಆನ್ ಮಾಡಿದೆ, ರೂಟರ್‌ನ ಒಂದು ಲೈಟೂ ಅಲುಗಲಿಲ್ಲ. ನಿಜಕ್ಕೂ ಖುಷಿಯಾಯಿತು.

ನಾಲ್ಕನೇ ದಿನ ಹೊಸ ತಾಪತ್ರಯ. ಕರೆಂಟು ಹೋದಾಗ ನೆಟ್ ಇರುತ್ತಿತ್ತು, ಎರಡು ತಾಸು ಬಿಟ್ಟು ಕರೆಂಟು ಬಂದ ಕೂಡಲೇ ರೂಟರ್ ರೀಸ್ಟಾರ್ಟ್! ಇದು ತಿರುಗಾಮುರುಗಾ ಅಲ್ವಾ? ಡಬ್ಬಿಯೇ ಹಾಳು ಅಂದುಕೊಂಡು ವಾಪಸ್ ಕಳಿಸಲು ಪ್ಯಾಕ್ ಮಾಡಿದ್ದೆ. ಅದಕ್ಕೆ ಮೊದಲು ಪೇಟೆಯಲ್ಲಿ ಟಿವಿ ರಿಪೇರಿ ಮಾಡುವವರ ಹತ್ತಿರ ಎಲ್ಲವನ್ನೂ ಒಯ್ದೆ. ಅವರು ರೂಟರ್‌ನ ಹಳೇ ಅಡಾಪ್ಟರ್‌ಗೆ ಬರಿದೇ ಮೀಟರ್ ಹಿಡಿದರು, 12.1 ವೋಲ್ಟ್ ತೋರಿಸಿತು. ಚೆನ್ನಾಗಿದೆಯಲ್ಲ ಅಂದೆ. "ತಡೀರಿ, ಲೋಡ್ ಕೊಟ್ಟು ನೋಡ್ಬೇಕು" ಅಂದರು. ರೂಟರ್ ಮತ್ತು ಯುಪಿಎಸ್ ಎರಡನ್ನೂ ಸಿಕ್ಕಿಸಿ ಮೀಟರ್ ಹಿಡಿದರೆ 9.3ಕ್ಕೆ ಇಳಿಯಿತು. ಅಡಾಪ್ಟರ್ ಬಿಚ್ಚಿದಾಗ ಒಳಗೆ ಒಂದು ಕೆಪಾಸಿಟರ್‌ನ ತಲೆ ಉಬ್ಬಿ ಗುಂಡಗಾಗಿತ್ತು, ಬುಡದಲ್ಲಿ ಕಂದು ಬಣ್ಣದ ಅಂಟು, ಅಂದರೆ ಅದು ಕೆಟ್ಟುಹೋಗಿತ್ತು.

ಆ ಅಡಾಪ್ಟರ್ ಹೊಸದಾಗಿದ್ದರೂ ಸಾಲುತ್ತಿರಲಿಲ್ಲ ಅಂತ ಅವರೇ ಲೆಕ್ಕ ಹೇಳಿದರು. ರೂಟರ್ ಜೊತೆ ಬಂದಿದ್ದು 12 ವೋಲ್ಟ್ 1 ಆಂಪ್ಸ್ ಅಡಾಪ್ಟರ್, ಅಂದರೆ ಹೆಚ್ಚೆಂದರೆ 12 ವ್ಯಾಟ್. ನಮ್ಮ ರೂಟರ್ ಎಳೆಯುವುದು 0.6 ಆಂಪ್ಸ್, ಅಂದರೆ 7 ವ್ಯಾಟ್ ಚಿಲ್ಲರೆ. ಖಾಲಿಯಾದ ಬ್ಯಾಟರಿ ಚಾರ್ಜ್ ಆಗಲು ಇನ್ನೊಂದು 8-10 ವ್ಯಾಟ್ ಬೇಕು. ಎರಡೂ ಸೇರಿದರೆ 12 ಎಲ್ಲಿ ಸಾಲಬೇಕು? ಅದಕ್ಕೇ ಬ್ಯಾಟರಿ ತುಂಬಿದ್ದಾಗ ಸುಮ್ಮನಿದ್ದ ಅಡಾಪ್ಟರ್, ದೊಡ್ಡ ಕರೆಂಟ್ ಕಟ್ ಆದ ಮೇಲೆ ಕೈಕೊಡುತ್ತಿತ್ತು. 12 ವೋಲ್ಟ್ 2 ಆಂಪ್ಸ್ ಅಡಾಪ್ಟರ್ 220 ರೂಪಾಯಿಗೆ ಅವರ ಹತ್ತಿರವೇ ತಗೊಂಡೆ, ಸಮಸ್ಯೆ ಅಲ್ಲಿಗೆ ನಿಂತಿತು. ಹಾಗೇ ಹಿಂದಿನ ವರ್ಷ ಕರೆಂಟು ಇದ್ದಾಗಲೂ ರೂಟರ್ ತಾನಾಗೇ ರೀಸ್ಟಾರ್ಟ್ ಆಗುತ್ತಿದ್ದದ್ದು ಯಾಕೆ ಅಂತಲೂ ಗೊತ್ತಾಯಿತು. ವೋಲ್ಟ್ ಅದೇ ಇರಬೇಕು, ಆಂಪ್ಸ್ ಜಾಸ್ತಿ ಇದ್ದರೆ ಏನೂ ಆಗುವುದಿಲ್ಲ, ರೂಟರ್ ತನಗೆ ಬೇಕಾದಷ್ಟೇ ಎಳೆಯುತ್ತದೆ. ಯುಪಿಎಸ್ ಮಾರುವವರು ಈ ಒಂದು ಸಾಲನ್ನು ಡಬ್ಬಿ ಮೇಲೆ ಅಚ್ಚು ಹಾಕಬೇಕಿತ್ತು. ಹಾಕಿಲ್ಲ. ಇದಕ್ಕೆ ಒಂದು ಸ್ಟಾರ್ ಕಡಿಮೆ ಮಾಡುತ್ತಿದ್ದೇನೆ.

ಇನ್ನು ಮೂರನೇ ಕಥೆ. ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಜುಲೈನಲ್ಲಿ ಒಂದು ಮಧ್ಯಾಹ್ನ ಜೋರು ಮಳೆ, ನೆಟ್ ಹೋಯಿತು. ನೋಡಿದರೆ ಪವರ್ ಲೈಟ್ ಉರಿಯುತ್ತಿದೆ, ಯುಪಿಎಸ್ ಸರಿಯಾಗಿದೆ, ಎಲ್‌ಒಎಸ್ ಲೈಟು ಮಾತ್ರ ಕೆಂಪಗೆ ಮಿನುಗುತ್ತಿದೆ. ಹಾಗೆಂದರೆ ಫೈಬರ್‌ನಲ್ಲಿ ಬರಬೇಕಾದ ಬೆಳಕು ರೂಟರ್‌ಗೆ ತಲುಪುತ್ತಿಲ್ಲ ಅಂತ. ಮೊದಲಾಗಿದ್ದರೆ ಕರೆಂಟು ಮಿನುಗಿದ್ದೋ, ಅಡಾಪ್ಟರೋ, ಲೈನೋ ಅಂತ ಗೊತ್ತಾಗುತ್ತಲೇ ಇರಲಿಲ್ಲ, ಮೂರೂ ಮಳೆಯ ಜೊತೆಗೇ ಬರುತ್ತಿದ್ದವು. ಈಗ ಕರೆಂಟು ಲೆಕ್ಕದಿಂದ ಹೊರಗೆ ಹೋಗಿತ್ತು. ಲೈನ್‌ಮನ್‌ಗೆ ಫೋನ್ ಮಾಡಿ "ಕೆಂಪು ಲೈಟ್ ಬಂದಿದೆ" ಅಂದೆ. ಮರುದಿನ ಬಂದರು. ಅಷ್ಟರಲ್ಲಿ ಲೈಟು ಹಸಿರಾಗಿತ್ತು. ಫೈಬರ್ ಪಿನ್ ತೆಗೆದು, ಬೆಳಕು ಅಳೆಯುವ ಪವರ್ ಮೀಟರ್‌ಗೆ ಸಿಕ್ಕಿಸಿದರೆ ಮೈನಸ್ 22 ಡಿಬಿಎಂ. "ಸಿಗ್ನಲ್ ಚೆನ್ನಾಗಿದೆ ಸರ್, ಎಲ್ಲೋ ಮರ ತಾಗಿರ್ಬೇಕು" ಅಂತ ಹೇಳಿ ಹೋದರು. ಹೀಗೆ ಎರಡು ಸಲ ಆಯಿತು. ಆ ಹುಡುಗ ಎರಡು ಸಲವೂ ಕೊಡೆ ಕೂಡ ಇಲ್ಲದೆ ಜಾರುವ ದಾರಿಯಲ್ಲಿ ಬೈಕ್ ಓಡಿಸಿಕೊಂಡು ಬಂದಿದ್ದ, ನನಗೇ ಬೇಜಾರಾಯಿತು.

ಮೂರನೇ ಸಲ ಮಳೆ ಶುರುವಾದಾಗ ನಾನು ರೂಟರ್ ಮುಂದೆಯೇ ಕೂತಿದ್ದೆ. ಎರಚಲು ಒಳಗೆ ಬರುತ್ತದೆ ಅಂತ ಅಮ್ಮ ಬಂದು ಜಗಲಿ ಕಡೆಯ ಕಿಟಕಿ ಹಾಕಿದರು. ಕಿಟಕಿಯ ಚಿಲಕ ಬಿದ್ದಿದ್ದೂ ಕೆಂಪು ಲೈಟು ಬಂದಿದ್ದೂ ಒಟ್ಟಿಗೇ. "ಅಮ್ಮ, ಒಂದ್ನಿಮಿಷ ಕಿಟಕಿ ತೆಗಿ" ಅಂದೆ. ತೆಗೆದರು, ಅರ್ಧ ನಿಮಿಷದಲ್ಲಿ ಹಸಿರು. ಮತ್ತೆ ಹಾಕಿಸಿದೆ, ಕೆಂಪು.

ಫೈಬರ್ ಎಳೆದವರು ಮೂರು ವರ್ಷದ ಹಿಂದೆ ಗೋಡೆಗೆ ತೂತು ಹೊಡೆಯುವ ಬದಲು ವೈರನ್ನು ಕಿಟಕಿಯ ಮೂಲೆಯಿಂದ ಒಳಗೆ ತಂದಿದ್ದರು. ಬೇಸಿಗೆಯಲ್ಲಿ ಆ ಕಿಟಕಿ ಹಾಕುವುದೇ ಇಲ್ಲ. ಮಳೆಗಾಲದಲ್ಲಿ ಹಲಸಿನ ಮರದ ಬಾಗಿಲು ನೀರು ಕುಡಿದು ಉಬ್ಬಿ ಬಿಗಿಯಾಗುತ್ತದೆ, ಹಾಕಿದಾಗ ಚೌಕಟ್ಟಿನ ಅಂಚಿನಲ್ಲಿ ವೈರನ್ನು ಚೂಪಾಗಿ ಮಡಚುತ್ತದೆ. ಒಳಗಿರುವುದು ಗಾಜಿನ ಎಳೆ. ಅದು ತುಂಡಾಗಬೇಕು ಅಂತಿಲ್ಲ, ಹೆಚ್ಚು ಬಗ್ಗಿದರೆ ಸಾಕು, ಒಳಗೆ ಹರಿಯುವ ಬೆಳಕು ಆ ತಿರುವಿನಲ್ಲಿ ಹೊರಗೆ ಸೋರಿಹೋಗುತ್ತದೆ. ಲೈನ್‌ಮನ್ ಬಂದಾಗ ಈ ಸಲ ಅವನ ಮುಂದೆಯೇ ಕಿಟಕಿ ಹಾಕಿಸಿ ಮೀಟರ್ ನೋಡಿದೆವು. ಮೈನಸ್ 22 ಇದ್ದದ್ದು ಮೈನಸ್ 30. ಈ ಲೆಕ್ಕದಲ್ಲಿ ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ, ಮೈನಸ್ 27-28 ದಾಟಿದರೆ ಸಾಮಾನ್ಯವಾಗಿ ರೂಟರ್‌ಗೆ ಏನೂ ಕಾಣುವುದಿಲ್ಲ. ಅವನು ಲೇಸರ್ ಪೆನ್ ಬಿಟ್ಟು ತೋರಿಸಿದ, ಮಡಚಿದ ಜಾಗದಲ್ಲಿ ವೈರಿನ ಮೈಯಿಂದಲೇ ಕೆಂಪು ಬೆಳಕು ಹೊರಗೆ ಬರುತ್ತಿತ್ತು. ನಮ್ಮ ಗೋಡೆ ಜಂಬಿಟ್ಟಿಗೆಯದ್ದು, ಒಂದೂವರೆ ಅಡಿ ದಪ್ಪ. ಉದ್ದನೆಯ ಬಿಟ್ ತಂದು ತೂತು ಹೊಡೆದು, ನೀರು ಒಳಗೆ ಬರದ ಹಾಗೆ ತೂತನ್ನು ಹೊರಗಡೆಗೆ ಇಳಿಜಾರು ಮಾಡಿ, ವೈರನ್ನು ದೊಡ್ಡ ಸುರುಳಿಯಾಗಿ ಸುತ್ತಿಟ್ಟು ಹೋದ. ಅಂದಿನಿಂದ ಇಂದಿನವರೆಗೆ ಕೆಂಪು ಲೈಟು ಬಂದಿದ್ದು ಒಂದೇ ಸಲ, ಅದು ನಿಜವಾಗಿ ಮರ ಬಿದ್ದು ಲೈನ್ ತುಂಡಾದಾಗ.

ಮತ್ತೆ ಯುಪಿಎಸ್ ವಿಷಯ. ಜಾಹೀರಾತಿನಲ್ಲಿ ನಾಲ್ಕು ಗಂಟೆ ಬ್ಯಾಕಪ್ ಅಂತ ಇತ್ತು. ನನಗೆ ಸಿಗುತ್ತಿರುವುದು 2 ಗಂಟೆ 40 ನಿಮಿಷ. ಇದನ್ನು ತಗೊಳ್ಳುವ ಮೊದಲೇ ಲೆಕ್ಕ ಹಾಕಬಹುದಿತ್ತು. ಸ್ಟಿಕ್ಕರ್ ಮೇಲೆ 6,000 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು 2,000ದ ಮೂರು ಲಿಥಿಯಂ ಸೆಲ್‌ಗಳ ಮೊತ್ತ, ಒಂದೊಂದು ಸೆಲ್ 3.7 ವೋಲ್ಟ್. 6,000 ಎಂಎಎಚ್ ಅಂದರೆ 6 ಆಂಪ್ಸ್ ಅವರ್, ಅದನ್ನು 3.7ರಿಂದ ಗುಣಿಸಿದರೆ ಸುಮಾರು 22 ವ್ಯಾಟ್ ಅವರ್. ನಿಮ್ಮ ರೂಟರ್ 7 ವ್ಯಾಟ್ ಎಳೆದರೆ ಮೂರು ಗಂಟೆ, ಅದರಲ್ಲಿ ನಡುವೆ ಸ್ವಲ್ಪ ನಷ್ಟ. ವೈಫೈ ಮತ್ತು ಫೈಬರ್ ಒಂದೇ ಡಬ್ಬಿಯಲ್ಲಿದ್ದರೆ ಈ ಲೆಕ್ಕ. ಬೇರೆ ಬೇರೆ ಡಬ್ಬಿ ಇದ್ದರೆ ಎರಡಕ್ಕೂ ಕರೆಂಟು ಬೇಕು, ಸಮಯ ಅರ್ಧಕ್ಕೆ ಹತ್ತಿರ ಇಳಿಯುತ್ತದೆ, ಎರಡು ಪಿನ್ನಿನ ವೈರು ಕೂಡ ಬೇಕಾಗುತ್ತದೆ. ಒಂದಕ್ಕೆ ಮಾತ್ರ ಹಾಕಿದರೆ ಫೋನಿನಲ್ಲಿ ವೈಫೈ ಗುರುತು ಪೂರ್ತಿ ತೋರಿಸುತ್ತದೆ, ನೆಟ್ ಮಾತ್ರ ಇರುವುದಿಲ್ಲ.

ಇನ್ನೊಂದು ವಿಷಯ, ತಗೊಳ್ಳುವ ಮೊದಲು ನಿಮ್ಮದು ಯಾವ ಥರದ ಲೈನ್ ಅಂತ ಕೇಳಿಕೊಳ್ಳಿ. ಮನೆವರೆಗೂ ಫೈಬರ್ ಬಂದಿದ್ದರೆ, ದಾರಿಯಲ್ಲಿ ಕಂಬದ ಮೇಲಿರುವ ಸ್ಪ್ಲಿಟರ್‌ಗೆ ಸಾಮಾನ್ಯವಾಗಿ ಕರೆಂಟೇ ಬೇಕಾಗಿಲ್ಲ, ಅದು ಬೆಳಕನ್ನು ಹಂಚುವ ಸಣ್ಣ ಗಾಜಿನ ವಸ್ತು ಅಷ್ಟೇ. ಊರಿಗೆಲ್ಲ ಕರೆಂಟಿಲ್ಲದಿದ್ದರೂ ಆಪರೇಟರ್ ಆಫೀಸಿನಲ್ಲಿ ಬ್ಯಾಕಪ್ ಇದ್ದರೆ ನಿಮಗೆ ನೆಟ್ ಬರುತ್ತದೆ. ಮನೆಗೆ ಬರುವುದು ಫೈಬರ್ ಅಲ್ಲದೆ ತಾಮ್ರದ ಲ್ಯಾನ್ ಕೇಬಲ್ ಆಗಿದ್ದರೆ, ಕಂಬದ ಡಬ್ಬಿಯಲ್ಲೋ ಪಕ್ಕದ ಬಿಲ್ಡಿಂಗ್‌ನಲ್ಲೋ ನೆಟ್ಟನ್ನು ಮನೆಮನೆಗೆ ಹಂಚುವ, ಕರೆಂಟು ಬೇಕಾಗುವ ಸ್ವಿಚ್ ಅನ್ನೋ ಯಂತ್ರ ಇರುತ್ತದೆ. ಅಲ್ಲಿ ಬ್ಯಾಕಪ್ ಇಲ್ಲದಿದ್ದರೆ ನೀವು ಮನೆಯಲ್ಲಿ ಎಂಥ ಯುಪಿಎಸ್ ಹಾಕಿದರೂ ದುಡ್ಡು ದಂಡ.

ಸಿಡಿಲಿಗೆ ಇದು ಮದ್ದಲ್ಲ. ಗುಡುಗು ಹತ್ತಿರ ಬಂದರೆ ನಾನು ಅಡಾಪ್ಟರ್ ಅನ್ನು ಗೋಡೆಯಿಂದ ಕಿತ್ತುಬಿಡುತ್ತೇನೆ, ಲ್ಯಾಪ್‌ಟಾಪ್‌ಗೆ ಹೋಗುವ ಲ್ಯಾನ್ ವೈರನ್ನೂ. ಯುಪಿಎಸ್ ಇರುವುದರಿಂದ ಆಗಲೂ ವೈಫೈ ನಡೆಯುತ್ತಿರುತ್ತದೆ, ಇದೊಂದು ನಾನು ಮೊದಲು ಯೋಚಿಸಿರದ ಲಾಭ.

ವೈಫೈ ಒಳಕೋಣೆಗೆ ಬರುವುದಿಲ್ಲ ಅನ್ನುವುದಕ್ಕೂ ಇದರಿಂದ ಏನೂ ಪ್ರಯೋಜನ ಇಲ್ಲ. ದಪ್ಪ ಗೋಡೆ ಇದ್ದರೆ 5 ಗಿಗಾಹರ್ಟ್ಸ್ ಎರಡನೇ ಕೋಣೆಯಲ್ಲೇ ಸುಸ್ತಾಗುತ್ತದೆ, 2.4ರದ್ದು ಸ್ವಲ್ಪ ದೂರ ಹೋಗುತ್ತದೆ. ನಾವು ರೂಟರನ್ನು ಫ್ರಿಜ್ಜಿನ ಹಿಂದಿನಿಂದ ತೆಗೆದು ಬಾಗಿಲ ಮೇಲಿನ ಹಲಗೆಗೆ ಇಟ್ಟೆವು, ಅಷ್ಟರಲ್ಲೇ ಅಡುಗೆಮನೆವರೆಗೆ ಬಂತು. ಒಂದು ಮಾತು, ನೆಟ್ ಹೋದಾಗ ರೂಟರ್ ಹಿಂದಿನ ಸಣ್ಣ ರೀಸೆಟ್ ತೂತಿಗೆ ಪಿನ್ ಚುಚ್ಚಬೇಡಿ. ನಮ್ಮ ಪಕ್ಕದ ಮನೆಯಲ್ಲಿ ಹಾಗೆ ಮಾಡಿ ಲೈನಿನ ಯೂಸರ್‌ನೇಮು, ಪಾಸ್‌ವರ್ಡು ಎಲ್ಲ ಅಳಿಸಿಹೋಗಿ, ಹತ್ತು ನಿಮಿಷದಲ್ಲಿ ಸರಿಹೋಗಬೇಕಾದದ್ದಕ್ಕೆ ಮೂರು ದಿನ ಕಾದರು. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ.

ಸಣ್ಣಪುಟ್ಟ ದೂರುಗಳು: ಜೊತೆಗೆ ಕೊಟ್ಟ ವೈರು ಒಂದು ಗೇಣು ಉದ್ದ, ಗೋಡೆಯ ಮೇಲಿನ ರೂಟರ್‌ಗೆ ಮುಟ್ಟುವುದಿಲ್ಲ. ನೀಲಿ ಲೈಟು ರಾತ್ರಿ ಕಣ್ಣಿಗೆ ಹೊಡೆಯುತ್ತದೆ. ಚಾರ್ಜ್ ಆಗುವಾಗ ಕೈಗೆ ಬಿಸಿ ತಾಗುತ್ತದೆ, ಹಾಗಾಗಿ ರೂಟರ್ ಮೇಲೆ ಇಡಬೇಡಿ, ಪಕ್ಕದಲ್ಲಿ ಗಾಳಿಯಾಡುವ ಕಡೆ ಇಡಿ. ಡಬ್ಬಿ ಉಬ್ಬಿದ ಹಾಗೆ ಕಂಡರೆ ಆ ದಿನವೇ ಬಿಚ್ಚಿಡಿ, ಒಳಗಿರುವುದು ಲಿಥಿಯಂ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಸೊರಬದಲ್ಲಿರುವ ಅಕ್ಕನ ಮನೆಗೂ ಒಂದು ಹೇಳಿದ್ದೇನೆ. ಅವಳ ರೂಟರ್ ಸ್ಟಿಕ್ಕರ್‌ನ ಫೋಟೋ ತರಿಸಿಕೊಂಡು ನೋಡಿದರೆ ಅದು 9 ವೋಲ್ಟಿನದ್ದು, ನಮ್ಮದೇ ಮಾದರಿ ಕಳಿಸಿದ್ದರೆ ಸುಟ್ಟುಹೋಗುತ್ತಿತ್ತೋ ಏನೋ. 9 ಮತ್ತು 12 ಎರಡೂ ಕೊಡುವ ಮಾದರಿ 250 ರೂಪಾಯಿ ಜಾಸ್ತಿ, ಬುಧವಾರ ಬರುತ್ತದೆ. ಫೈಬರ್ ವೈರು ಎಲ್ಲಿಂದ ಒಳಗೆ ಬಂದಿದೆ ನೋಡು ಅಂತಲೂ ಹೇಳಿದೆ. ಅವಳದ್ದೂ ಕಿಟಕಿಯಿಂದಲೇ.