ಶಿಂಗಲ್ಸ್ ಮಾಡಿನ ಪಾಚಿ ತೆಗೆಸಿದ ಅನುಭವ

ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯ ಶಿಂಗಲ್ಸ್ ಮಾಡಿನಲ್ಲಿ (ಕಲ್ಲಿನ ಹರಳು ಅಂಟಿಸಿದ ಡಾಂಬರು ಹಾಳೆಗಳ ಚಾವಣಿಯಲ್ಲಿ), ಸಿಲ್ವರ್ ಮರಗಳ ನೆರಳು ಬೀಳುವ ಉತ್ತರದ ಇಳಿಜಾರಿಗೆ ಪ್ರತಿ ಮಳೆಗಾಲವೂ ಪಾಚಿ ದಪ್ಪಗೆ ಕಟ್ಟುತ್ತದೆ. ಹಿಂದೊಮ್ಮೆ ಬೇರೆಯವರು ಪ್ರೆಷರ್ ವಾಷರ್‌ನಿಂದ ತೊಳೆದಾಗ, ಡಾಂಬರನ್ನು ಬಿಸಿಲಿನಿಂದ ಕಾಪಾಡುವ ಕಲ್ಲಿನ ಹರಳುಗಳೇ ಕಿತ್ತುಬಂದು ಮಾಡಿನಂಚಿನ ನೀರಿನ ದೋಣಿಯಲ್ಲಿ ಮರಳಿನಂತೆ ತುಂಬಿಕೊಂಡಿದ್ದವು. ಆ ನಷ್ಟವನ್ನು ಸರಿಪಡಿಸಲು ಸಾಧ್ಯವೇ ಇಲ್ಲ.

ಈ ಸಲ ಚಿಕ್ಕಮಗಳೂರಿನಿಂದ ಬಂದ ಮೂವರ ತಂಡದ ಕೆಲಸ ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಮಳೆಯಿಲ್ಲದ, ಮೋಡ ಕವಿದ ದಿನವನ್ನು ಆರಿಸಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಮೊದಲು ಕೆಳಗಿನ ಕಾಫಿ ಗಿಡಗಳನ್ನೂ ಮೆಣಸಿನ ಬಳ್ಳಿಗಳನ್ನೂ ನೀರಿನಿಂದ ಚೆನ್ನಾಗಿ ತೋಯಿಸಿ ಪ್ಲಾಸ್ಟಿಕ್ ಹೊದಿಸಿದರು. ಬಳಿಕ ಬ್ಲೀಚ್ ದ್ರಾವಣಕ್ಕೆ ಸಮಪಾಲು ನೀರು ಬೆರೆಸಿ, ಔಷಧಿ ಹೊಡೆಯುವ ಕೈಪಂಪಿನಿಂದ ಸಿಂಪಡಿಸಿ, 15ರಿಂದ 20 ನಿಮಿಷ ಬಿಟ್ಟು, ಸಾಧಾರಣ ಪೈಪಿನ ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆದರು. ಬ್ಲೀಚ್‌ಗೆ ಆ್ಯಸಿಡ್ ತಾಗಿದರೆ ವಿಷಾನಿಲ ಏಳುತ್ತದೆಂದು ನಮ್ಮ ಶೌಚಾಲಯದ ಆ್ಯಸಿಡ್ ಬಾಟಲಿಯನ್ನೂ ದೂರ ಇರಿಸಿದ್ದು ಗಮನಾರ್ಹ. ದಪ್ಪ ಪಾಚಿಯನ್ನು ಕೆರೆಯದೆ, ಸತ್ತು ಒಣಗಿ ತಾನಾಗಿ ಉದುರಲು ಬಿಟ್ಟರು. ಅದಕ್ಕೆ ಕೆಲವು ವಾರಗಳು ಹಿಡಿದವು.

ಒಂದು ಕೊರತೆಯೂ ಇದೆ. ದೋಣಿಯ ನೀರು ಬಾವಿಯ ಕಡೆಗೆ ಹರಿಯುತ್ತಿದ್ದುದನ್ನು ನಾವೇ ತೋರಿಸಿ ಪೈಪು ತಿರುಗಿಸಬೇಕಾಯಿತು. ಪಾಚಿ ಮರುಕಳಿಸದಂತೆ ಮಾಡಿನ ನೆತ್ತಿಯುದ್ದಕ್ಕೂ ಸತುವಿನ ಪಟ್ಟಿ ಹಾಕುವುದನ್ನು ಅವರೇ ಸೂಚಿಸಿದ್ದು, ಮುಂದಿನ ಮಳೆಗೆ ಮುನ್ನ ಅವರಿಂದಲೇ ಹಾಕಿಸುತ್ತೇನೆ.