ಟ್ರೆಡ್‌ಮಿಲ್: ಹಾರ್ಟ್‌ರೇಟ್ ಪ್ರೋಗ್ರಾಂ ಬೇಕೋ, ಹಿಲ್ ಪ್ರೋಗ್ರಾಂ ಬೇಕೋ?

ಹೊಸಬರಿಗೆ ನಮ್ಮ ಸಲಹೆ ಹಾರ್ಟ್‌ರೇಟ್ ಪ್ರೋಗ್ರಾಂ. ಎದೆಬಡಿತ ಗುರಿ ಮೀರಿದರೆ ಯಂತ್ರವೇ ವೇಗವನ್ನೋ ಏರನ್ನೋ ತಗ್ಗಿಸುತ್ತದೆ. 40 ವರ್ಷದವರು 220ರಿಂದ 40 ಕಳೆದು, ಉಳಿದ 180ರ ಶೇ. 65, ಅಂದರೆ ನಿಮಿಷಕ್ಕೆ 117 ಬಡಿತದ ಗುರಿಯಿಂದ ಶುರುಮಾಡಬಹುದು. ಹಿಡಿಕೆಯ ಸೆನ್ಸರ್ ಮಾತ್ರ ನಂಬಬೇಡಿ: ಕೈ ಅಲುಗಿದರೆ ಅಂಕಿ ತಪ್ಪುತ್ತದೆ, ಬೆಲ್ಟಿನ ವೇಗ ಸುಮ್ಮಸುಮ್ಮನೆ ಬದಲಾಗುತ್ತದೆ. ಎದೆಪಟ್ಟಿಯೇ ಮೇಲು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಹೊಂದದು, ವೈದ್ಯರನ್ನು ಕೇಳಿ.

ಹಿಲ್ ಪ್ರೋಗ್ರಾಂ ಗುಡ್ಡ ಹತ್ತಿಳಿದಂತೆ ಏರನ್ನು ಹೆಚ್ಚುಕಡಿಮೆ ಮಾಡುತ್ತದೆ; ನಿಮ್ಮ ದಣಿವನ್ನು ನೋಡುವುದಿಲ್ಲ. ಹಲವು ಯಂತ್ರಗಳು ಒಟ್ಟು ಸಮಯವನ್ನು ಸಮಭಾಗ ಮಾಡುತ್ತವೆ: 10 ಭಾಗವಿದ್ದರೆ 30 ನಿಮಿಷದಲ್ಲಿ ತಲಾ 3 ನಿಮಿಷ. ಒಟ್ಟು ಸಮಯ 10 ನಿಮಿಷಕ್ಕಿಳಿಸಿದರೆ ವಾರ್ಮಪ್ಪೂ ಒಂದೇ ನಿಮಿಷಕ್ಕೆ ಕುಗ್ಗುತ್ತದೆ. ಕುಮಾರಪರ್ವತ ಹತ್ತಲು ಸಿದ್ಧವಾಗುತ್ತಿದ್ದರೆ ಹಿಲ್ ಪ್ರೋಗ್ರಾಮೇ ಸರಿ, ಆದರೆ ಕಂಬಿಗೆ ಜೋತುಬೀಳಬೇಡಿ; ಕಾಲಿನ ಕೆಲಸ ತಪ್ಪಿಹೋಗುತ್ತದೆ. ಏರನ್ನು ಕೈಯಿಂದಲೇ ಬದಲಿಸುವ ಮಾದರಿಗಳಲ್ಲಿ ಪ್ರೋಗ್ರಾಂ ವೇಗವನ್ನಷ್ಟೇ ಬದಲಿಸಬಲ್ಲದು. ಕೊಳ್ಳುವ ಮುನ್ನ ನೋಡಿಕೊಳ್ಳಿ.