ಲೋವರ್ ಆರ್ಮ್ ಬೋಲ್ಟ್ ಜಾಮ್ ಆಗಿದ್ದರೆ ಮನೆಯಲ್ಲಿ ಬಿಚ್ಚಿಸುವ ಮೊದಲು ಇದನ್ನು ಓದಿ

ಕಾರನ್ನು ಗ್ಯಾರೇಜಿಗೆ ಒಯ್ಯುವ ರಗಳೆ ಬೇಡ, ಮೆಕ್ಯಾನಿಕ್ಕೇ ಮನೆಗೆ ಬರುತ್ತಾನೆ ಅನ್ನುವ ಸರ್ವಿಸ್‌ಗಳು ಬೆಂಗಳೂರಿನಲ್ಲಿ ಈಗ ಬೇಕಾದಷ್ಟಿವೆ. ಆಯಿಲ್, ಬ್ಯಾಟರಿ, ಬ್ರೇಕ್ ಪ್ಯಾಡ್‌ಗೆ ಕರೆಸಿ, ನನ್ನ ತಕರಾರಿಲ್ಲ. ಹಳೇ ಕಾರಿನ ಸಸ್ಪೆನ್ಷನ್ ಬೋಲ್ಟ್‌ಗೆ, ಅದರಲ್ಲೂ ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮಿನ ಬೋಲ್ಟ್‌ಗೆ ಮಾತ್ರ ಯೋಚನೆ ಮಾಡಿ. ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅಂಥ ಒಂದು ಬೋಲ್ಟಿಗೆ ಬೆಂಕಿಯೇ ಹತ್ತಿಕೊಂಡಿತ್ತು.

ನಮ್ಮದು ಕೆಎ-19, ಅಂದರೆ ಮಂಗಳೂರಿನ ಕಾರು. ಅಲ್ಲೇ ಓಡಾಡಿದ್ದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. ಬೆಂಗಳೂರಿನ ಗುಂಡಿ, ಹಂಪ್‌ಗಳು ಆರ್ಮಿನ ಕೀಲಿನಲ್ಲಿರುವ ಬುಷ್‌ನ ರಬ್ಬರ್ ಹರಿಯುತ್ತವೆ ನಿಜ, ಆದರೆ ಬೋಲ್ಟ್ ತಿನ್ನುವುದು ಕರಾವಳಿಯ ಉಪ್ಪುಗಾಳಿ. ನಮ್ಮ ಗಾಡಿಗೆ ಎರಡೂ ಸಿಕ್ಕಿದ್ದವು. ಹಂಪ್ ಇಳಿಯುವಾಗೆಲ್ಲ ಎಡಗಡೆ ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಸದ್ದು. ಬುಷ್ ಹೋಗಿದೆ ಅಂತ ಗೊತ್ತಾಯಿತು, ಜೆ.ಸಿ. ರಸ್ತೆಯಲ್ಲಿ ಹೊಸ ಲೋವರ್ ಆರ್ಮ್ ತಂದಿಟ್ಟು ಸರ್ವಿಸ್‌ನವರಿಗೆ ಫೋನ್ ಮಾಡಿದೆವು.

ಬಂದ ಹುಡುಗ ಮಾಡಿದ ಮೊದಲ ಕೆಲಸವೇ ಸರಿಯಿರಲಿಲ್ಲ. ಡಿಕ್ಕಿಯಲ್ಲಿದ್ದ ಜಾಕ್ ಒಂದರ ಮೇಲೇ ಕಾರು ನಿಲ್ಲಿಸಿ ಕೆಳಗೆ ತೂರಿದ. ಆ ಜಾಕ್ ಇರುವುದು ಟೈರ್ ಬದಲಿಸುವುದಕ್ಕೆ. ಸ್ಪ್ಯಾನರಿಗೆ ಉದ್ದದ ಪೈಪ್ ಹಾಕಿ ಬೋಲ್ಟ್ ಎಳೆಯುವಾಗ ಇಡೀ ಗಾಡಿ ಅಲುಗಾಡುತ್ತದೆ. ಎತ್ತಿದ ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡ್ ಎಲ್ಲಿ ಅಂತ ಕೇಳಿದರೆ "ಐದು ನಿಮಿಷದ ಕೆಲಸ ಸಾರ್" ಅಂದ. ಪಕ್ಕದ ಮನೆಯವರ ಸ್ಟ್ಯಾಂಡ್ ತಂದು ಕೊಟ್ಟ ಮೇಲೇ ನಾನು ಅಲ್ಲಿಂದ ಕದಲಿದ್ದು.

ಆಮೇಲೆ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು, ತಕ್ಷಣ ಪೈಪ್ ಹಾಕಿ ಎಳೆದ. ಆ ಹೆಸರಿನ ಅರ್ಥವೇ ನೀರನ್ನು ಓಡಿಸುವ 40ನೇ ಮಿಶ್ರಣ ಅಂತ. ತುಕ್ಕು ಸಡಿಲಿಸುವುದಕ್ಕೇ ಬೇರೆ ಪೆನೆಟ್ರೇಟಿಂಗ್ ಆಯಿಲ್ ಸಿಗುತ್ತದೆ. ಯಾವುದೇ ಹಾಕಿದರೂ ಇಳಿಯುವುದಕ್ಕೆ ಹೊತ್ತು ಬೇಕು. ಹಿಂದಿನ ಸಂಜೆಯೇ ಹಾಕಿ, ರಾತ್ರಿ ಇನ್ನೊಮ್ಮೆ ಹಾಕಿ ಬಿಡಬೇಕು.

ಬೋಲ್ಟ್ ಸ್ವಲ್ಪ ತಿರುಗಿತು. ಕೈ ಬಿಟ್ಟರೆ ಹಿಂದಕ್ಕೆ ಬಂತು. ಮತ್ತೆ ಎಳೆದ, ಮತ್ತೆ ಹಿಂದಕ್ಕೆ. ದಯವಿಟ್ಟು ಇದೊಂದನ್ನು ನೆನಪಿಡಿ. ಬುಷ್ ಅಂದರೆ ಹೊರಗೆ ರಬ್ಬರ್, ಮಧ್ಯೆ ಕಬ್ಬಿಣದ ಕೊಳವೆ, ಬೋಲ್ಟ್ ಹಾಯುವುದು ಆ ಕೊಳವೆಯೊಳಗೆ. ಅಲ್ಲಿ ನೀರು ನಿಂತರೆ ತುಕ್ಕು ಹುಟ್ಟುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಹಾಗಾಗಿ ಕೊಳವೆಯೂ ಬೋಲ್ಟೂ ಬಿಗಿದು ಒಂದೇ ಆಗಿಬಿಡುತ್ತವೆ. ಆಗ ನೀವು ತಿರುಗಿಸುತ್ತಿರುವುದು ಬೋಲ್ಟನ್ನಲ್ಲ, ರಬ್ಬರನ್ನು. ಅದಕ್ಕೇ ಸ್ಪ್ರಿಂಗಿನ ಹಾಗೆ ವಾಪಸ್ ಬರುವುದು. ಥ್ರೆಡ್ ಚೆನ್ನಾಗಿಯೇ ಇರಬಹುದು, ಆದರೂ ಬೋಲ್ಟ್ ಹೊರಗೆ ಬರುವುದಿಲ್ಲ. ಇಲ್ಲಿಂದ ಮುಂದೆ ಬಲ ಹಾಕಿದಷ್ಟೂ ನಷ್ಟ ನಮಗೇ.

ಅವನು ಬಲ ಹಾಕಲಿಲ್ಲ, ಬಿಸಿ ಮಾಡಲು ಹೊರಟ. ಚೀಲದಿಂದ ಗ್ಯಾಸ್ ಟಾರ್ಚ್ ತೆಗೆದ. ಬೇಡ ಅನ್ನುವಷ್ಟರಲ್ಲಿ ಹಚ್ಚಿಯೂ ಆಯಿತು. ಆಗಷ್ಟೇ ಹೊಡೆದಿದ್ದ ಆಯಿಲ್ ಭಗ್ಗನೆ ಹತ್ತಿಕೊಂಡಿತು, ಹಿಂದೆಯೇ ರಬ್ಬರ್. ಬೇಸ್‌ಮೆಂಟ್ ತುಂಬ ಕಪ್ಪು ಹೊಗೆ, ಮಕ್ಕಳನ್ನು ಹೊರಗೆ ಓಡಿಸಿದೆವು. ವಾಚ್‌ಮನ್ ಗೋಡೆಯ ಮೇಲಿದ್ದ ಎಕ್ಸ್‌ಟಿಂಗ್ವಿಷರ್ ತಂದು ಆರಿಸಿದರು. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ರಬ್ಬರ್ ಹೊದಿಕೆ (ಬೂಟ್) ಕರಗಿತ್ತು, ಬ್ರೇಕ್ ಹೋಸ್‌ನ ಮೇಲ್ಮೈ ಸುಟ್ಟಿತ್ತು. ಲೋವರ್ ಆರ್ಮ್ ಕೆಲಸಕ್ಕೆ ಬಂದಿದ್ದು, ಇವೆರಡೂ ಪುಕ್ಕಟೆಯಾಗಿ ಸೇರಿಕೊಂಡವು.

ಇಷ್ಟಾದ ಮೇಲೂ "ಈಗ ಬರುತ್ತೆ" ಅಂತ ಇನ್ನೂ ಉದ್ದದ ಪೈಪ್ ಹಾಕಿದ. ಒಳಗೆಲ್ಲೋ ಟಪ್ ಅಂತು. ಬೋಲ್ಟ್ ಸಲೀಸಾಗಿ ಸುತ್ತತೊಡಗಿತು. ಬಿಚ್ಚಿಕೊಂಡಿತು ಅಂತ ಅವನಿಗೆ ಖುಷಿ! ಬಿಚ್ಚಿಕೊಂಡಿದ್ದು ಕ್ರಾಸ್ ಮೆಂಬರ್, ಅಂದರೆ ಗಾಡಿಯ ಅಡಿಯಲ್ಲಿ ಅಡ್ಡಕ್ಕಿರುವ ತೊಲೆಯ ಒಳಗೆ ವೆಲ್ಡ್ ಮಾಡಿದ್ದ ನಟ್. ಅದಕ್ಕೆ ಸ್ಪ್ಯಾನರ್ ತಾಗಿಸಲು ದಾರಿಯೇ ಇಲ್ಲ. ಆಮೇಲೆ ಎರಡೂ ಕಡೆ ಸುತ್ತುವುದೊಂದೇ, ಬಿಗಿಯಾಗುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ.

ಫ್ಲಾಟ್‌ಬೆಡ್ ಲಾರಿ ಬೇಸ್‌ಮೆಂಟಿಗೆ ಇಳಿಯುವುದಿಲ್ಲ ಅಲ್ವಾ? ಚಕ್ರ ಹಾಕಿ, ಬಿಲ್ಡಿಂಗಿನವರೆಲ್ಲ ಸೇರಿ ರ‍್ಯಾಂಪ್ ಮೇಲಕ್ಕೆ ತಳ್ಳಿದರು. ಕಲಾಸಿಪಾಳ್ಯದ ಕಡೆಯ ಹಳೇ ಗ್ಯಾರೇಜಿನವರು ಕ್ರಾಸ್ ಮೆಂಬರಿನಲ್ಲಿ ಚಿಕ್ಕ ಕಿಟಕಿ ಕೊಯ್ದು, ನಟ್ ಹಿಡಿದು, ಬುಷ್‌ನ ಎರಡೂ ಪಕ್ಕದಲ್ಲಿ ಬೋಲ್ಟನ್ನು ಗರಗಸದಿಂದ ಕತ್ತರಿಸಿ ತೆಗೆದರು. ನಟ್ ವೆಲ್ಡ್ ಮುರಿಯುವ ಮೊದಲೇ ಹೀಗೆ ಕತ್ತರಿಸಿದ್ದರೆ ಕಿಟಕಿ ಬೇಕಿರಲಿಲ್ಲ ಅಂದರು ಮೇಸ್ತ್ರಿ. ಆರ್ಮ್ ಹೇಗೂ ಎಸೆಯುವುದೇ, ಬೋಲ್ಟೂ ಹೊಸದು ಬರುತ್ತದೆ, ಉಳಿಸಿಕೊಳ್ಳುವುದಕ್ಕೆ ಏನಿದೆ?

ಇನ್ನೊಂದು ಮಾತು ಅವರೇ ಹೇಳಿದ್ದು. ಕೆಂಪಗೆ ಕಾಯಿಸಿದ ಬೋಲ್ಟ್ ಹೊರಗೆ ಬಂದರೂ ಮತ್ತೆ ಹಾಕಬಾರದು. ತಲೆಯ ಮೇಲೆ 10.9 ಅಂತ ಕೊರೆದಿರುವ ಗಟ್ಟಿ ಬೋಲ್ಟಿಗೆ ಆ ಬಲ ಬಂದಿರುವುದೇ ಹದವಾಗಿ ಕಾಯಿಸಿ ತಣಿಸಿದ್ದರಿಂದ. ಟಾರ್ಚ್ ಹಿಡಿದರೆ ಆ ಹದ ಹೋಗುತ್ತದೆ. ಅದೇ ಅಳತೆ ಅಂತ ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಹಾಕಿಸುವುದೂ ಬೇಡ.

ಸರ್ವಿಸ್‌ನವರು ಏನಂದರು? ಗಾಡಿ ಹಳೆಯದು, ತುಕ್ಕು ನಮ್ಮ ಜವಾಬ್ದಾರಿಯಲ್ಲ. ವಿಸಿಟ್ ಚಾರ್ಜ್ ಮಾತ್ರ ವಾಪಸ್ ಬಂತು, ಅದೂ ಜಗಳ ಆಡಿದ ಮೇಲೆ. ಬುಕ್ ಮಾಡುವಾಗಲೇ "ಬೋಲ್ಟ್ ಜಾಮ್ ಆಗಿದ್ದರೆ ಏನು ಮಾಡುತ್ತೀರಿ, ಮುರಿದರೆ ಯಾರ ಖರ್ಚು" ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಉತ್ತರದಲ್ಲಿ ಟಾರ್ಚ್ ಅನ್ನುವ ಮಾತು ಬಂದರೆ ಕ್ಯಾನ್ಸಲ್ ಮಾಡಿ. ಹೊಸ ಆರ್ಮ್ ಹಾಕಿದ ಮೇಲೆ ಬುಷ್ ಬೋಲ್ಟಿನ ಕೊನೆಯ ಬಿಗಿತ ಚಕ್ರ ನೆಲದಲ್ಲಿದ್ದು ಗಾಡಿಯ ಭಾರ ಕೂತ ಮೇಲೇ ಆಗಬೇಕು. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ವೀಲ್ ಅಲೈನ್‌ಮೆಂಟ್ ಅದರ ನಂತರ.